ಫೈಬರ್ ಬಾನೆಟ್ ಹಾಕಿದ್ರ ಗಾಡಿ ಹಗುರಾಗ್ತದೇನು? ಹಳೆ ಡ್ರ್ಯಾಗ್ ಕಾರಿನ ತೂಕದ ಹಿಸಾಬು

ಈ ವಾರದ ಪ್ರಶ್ನೆ ಮಾನ್ವಿ ಕಡೆಯಿಂದ ಬಂದದ, ವಾಯ್ಸ್ ಮೆಸೇಜಿನಲ್ಲಿ. "ಅಣ್ಣ, ನಮ್ಮ ಮನಿಮುಂದ ಅಜ್ಜನ ಕಾಲದ ಪದ್ಮಿನಿ ನಿಂತದ. ಬಾನೆಟ್, ಫೆಂಡರ್, ಡಿಕ್ಕಿ ಎಲ್ಲಾ ಫೈಬರ್ ಮಾಡಿಸಿ ಡ್ರ್ಯಾಗಿಗೆ ರೆಡಿ ಮಾಡ್ಬೇಕಂತ ಮಾಡೀನಿ. ಎಷ್ಟು ಹಗುರಾಗ್ತದ? ಎಷ್ಟು ಜೋರ್ ಓಡ್ತದ?"

ಒಳ್ಳೆ ಪ್ರಶ್ನೆ. ಉತ್ತರ ಮೊದಲೇ ಹೇಳಿಬಿಡ್ತೀನಿ, ಆಮೇಲೆ ಯಾಕೆ ಅಂತ ನೋಡೋಣ. ಸರಿಯಾಗಿ ಮಾಡಿದರೆ ಫೈಬರ್ ಪ್ಯಾನೆಲ್ ಕಬ್ಬಿಣದ ಅರ್ಧ ತೂಕಕ್ಕೆ ಬರುತ್ತದೆ. ಹೆದರಿ ದಪ್ಪ ಮಾಡಿದರೆ ಕಬ್ಬಿಣಕ್ಕಿಂತ ಭಾರ ಆಗುತ್ತದೆ. ಸರಿಯಾಗಿ ಮಾಡಿದರೂ ಗಾಡಿಯ ಒಟ್ಟು ತೂಕದಲ್ಲಿ ಫೈಬರ್‌ನ ಪಾಲು ನೀವು ಅಂದುಕೊಂಡಷ್ಟು ದೊಡ್ಡದಲ್ಲ. ಎಷ್ಟು ಕೆಜಿ ಇಳಿಸಿದಿರಿ ಅನ್ನೋದರಷ್ಟೇ, ಎಲ್ಲಿಂದ ಇಳಿಸಿದಿರಿ ಅನ್ನೋದೂ ಮುಖ್ಯ.

ನಾನು ಓದಿದ್ದು ಬಿ.ಕಾಂ. ಎಂಜಿನಿಯರ್ ಅಲ್ಲ. ಆದರೆ ಈ ವಿಷಯಕ್ಕೆ ಕಾಮರ್ಸ್ ಓದಿದ್ದು ಬರೋಬರ್ ಉಪಯೋಗಕ್ಕೆ ಬರ್ತದ. ಯಾಕಂದ್ರ ತೂಕ ಇಳಿಸೋದು ಅಂದರೆ ಖರ್ಚು ಕಡಿಮೆ ಮಾಡೋದಿದ್ದಂಗ. ಅಂಗಡಿಯಲ್ಲಿ ಯಾವ ಖರ್ಚು ಏನು ಕೆಲಸ ಮಾಡ್ತಿದೆ ಅಂತ ತಿಳಿಯದೆ ಕತ್ತರಿ ಹಾಕಿದರೆ ಅಂಗಡಿಯೇ ಮುಚ್ಚುತ್ತದೆ. ಗಾಡಿಯೂ ಅಷ್ಟೇ.

ಮೊದಲು ಸೆಕೆಂಡಿನ ಲೆಕ್ಕ

ಡ್ರ್ಯಾಗ್ ಅಂದರೆ ನೇರ ದಾರಿಯ ಓಟ. ಕಾಲು ಮೈಲಿ, ಅಂದರೆ 402 ಮೀಟರ್. ನಿಂತ ಜಾಗದಿಂದ ಹೊರಟು ಅದನ್ನು ಎಷ್ಟು ಸೆಕೆಂಡಿನಲ್ಲಿ ಮುಗಿಸ್ತೀರಿ ಅನ್ನೋದೇ ಆಟ. ಇದಕ್ಕೆ ರೇಸ್ ಮಾಡೋರು ಬಹಳ ವರ್ಷದಿಂದ ಬಳಸುವ ಒಂದು ಅಂದಾಜು ಸೂತ್ರ ಇದೆ. ತೂಕವನ್ನು ಎಂಜಿನ್ನಿನ ಶಕ್ತಿಯಿಂದ ಭಾಗಿಸಿ, ಬಂದ ಉತ್ತರದ ಘನಮೂಲ ತೆಗೀಬೇಕು. ತೂಕ ಕೆಜಿಯಲ್ಲಿ, ಶಕ್ತಿ ಎಚ್‌ಪಿಯಲ್ಲಿ ಇದ್ದರೆ ಅದನ್ನು 7.6ರಿಂದ ಗುಣಿಸಿ. ಸೆಕೆಂಡು ಬರುತ್ತದೆ.

ಪದ್ಮಿನಿಯ ತೂಕ ಸುಮಾರು 900 ಕೆಜಿ, ಶಕ್ತಿ ಸುಮಾರು 40 ಎಚ್‌ಪಿ. ಓಡಿಸೋನು 70 ಕೆಜಿ ಇದ್ದಾನೆ ಅಂತ ಹಿಡಿರಿ. ಒಟ್ಟು 970. ಫೋನಿನ ಕ್ಯಾಲ್ಕುಲೇಟರಿನಲ್ಲಿ ಹಾಕಿ ನೋಡಿದರೆ ಹತ್ತಿರಹತ್ತಿರ 22 ಸೆಕೆಂಡ್ ಬರುತ್ತದೆ. ಅದೇ ಗಾಡಿಯಿಂದ 90 ಕೆಜಿ ತೆಗೆದರೆ 21.3 ಸೆಕೆಂಡ್. ಎಂಜಿನ್ನಿಗೆ ಕೈ ಹಚ್ಚದೆ 0.7 ಸೆಕೆಂಡ್ ಉಳಿತಾಯ.

0.7 ಸೆಕೆಂಡ್ ಅಂದ್ರ ಏನಾತು ಅಂತೀರೇನು? ಗೆರೆ ದಾಟುವಾಗ ಗಾಡಿ ಗಂಟೆಗೆ ನೂರು ಕಿಲೋಮೀಟರ್ ಆಸುಪಾಸಿನಲ್ಲಿ ಇರುತ್ತದೆ. ಅಂದರೆ ಸೆಕೆಂಡಿಗೆ ಸುಮಾರು 28 ಮೀಟರ್. 0.7 ಸೆಕೆಂಡಿನಲ್ಲಿ ಹತ್ತೊಂಬತ್ತು ಮೀಟರ್. ಪಕ್ಕದ ಗಾಡಿಗಿಂತ ಐದು ಕಾರಿನಷ್ಟು ಮುಂದೆ.

ಘನಮೂಲದ ಕಾರಣ ಇಲ್ಲಿ ಒಂದು ಕಟ್ಟುಪಾಡೂ ಇದೆ. ತೂಕ 10 ಪರ್ಸೆಂಟ್ ಇಳಿಸಿದರೆ ಸಮಯ ಮೂರೂವರೆ ಪರ್ಸೆಂಟ್ ಮಾತ್ರ ಇಳಿಯುತ್ತದೆ. ಒಂದಕ್ಕೊಂದು ಬರೋದಿಲ್ಲ. ಹಂಗಾಗಿ ಪ್ರತಿ ಕೆಜಿಗೂ ಎಷ್ಟು ದುಡ್ಡು ಹೋಯಿತು ಅಂತ ಬರೆದಿಡೋದು ಬೇಕಾಗ್ತದ.

ಕಾಟಾ ಮಾಡಿಸ್ರಿ, ಆಮೇಲೆ ಸ್ಪ್ಯಾನರ್ ಹಿಡೀರಿ

ನಮ್ಮ ಜಿಲ್ಲೆಯವರಿಗೆ ತೂಕದ ಪಾಠ ಯಾರೂ ಹೇಳಿಕೊಡಬೇಕಾಗಿಲ್ಲ. ರಾಯಚೂರಿಗೆ ಹತ್ತಿ ಬರ್ತದ, ಮಾನ್ವಿಯಲ್ಲಿ ಭತ್ತ, ದೇವದುರ್ಗದಲ್ಲಿ ಎರಡೂ. ಲಾರಿ ಮೊದಲು ತುಂಬಿಕೊಂಡು ಕಾಟಾ ಮೇಲೆ ಹತ್ತುತ್ತದೆ, ಆಮೇಲೆ ಖಾಲಿ ಹತ್ತುತ್ತದೆ. ಚೀಟಿಯಲ್ಲಿ ಗ್ರಾಸ್, ಟೇರ್, ನೆಟ್ ಅಂತ ಮೂರು ಸಾಲು. ಅದೇ ವೇಬ್ರಿಜ್ ನಿಮ್ಮ ಡ್ರ್ಯಾಗ್ ಕಾರಿನ ಮೊದಲ ಲ್ಯಾಬ್.

ಮೂರು ಸಲ ತೂಕ ಹಾಕಿಸಿ. ಇಡೀ ಗಾಡಿ ಒಂದು ಸಲ. ಮುಂದಿನ ಎರಡು ಗಾಲಿ ಮಾತ್ರ ಪ್ಲಾಟ್‌ಫಾರ್ಮ್ ಮೇಲೆ ಇಟ್ಟು ಒಂದು ಸಲ. ಹಿಂದಿನ ಎರಡು ಗಾಲಿ ಮಾತ್ರ ಇಟ್ಟು ಒಂದು ಸಲ. ಗಾಡಿ ಸಪಾಟಾಗಿ ನಿಂತಿರಬೇಕು, ಓಡಿಸುವವನು ಒಳಗೆ ಕೂತಿರಬೇಕು. ಮುಂದಿನ ಮತ್ತು ಹಿಂದಿನ ತೂಕ ಕೂಡಿಸಿದರೆ ಒಟ್ಟು ತೂಕಕ್ಕೆ ಹತ್ತಿರ ಬರಬೇಕು. ಬರದಿದ್ದರೆ ಮತ್ತೊಮ್ಮೆ ಹಾಕಿಸಿ.

ಲಾರಿ ಕಾಟಾ 10 ಕೆಜಿ, ಕೆಲವು ಕಡೆ 5 ಕೆಜಿ ಲೆಕ್ಕದಲ್ಲಿ ತೋರಿಸುತ್ತದೆ. ಬಾನೆಟ್ಟಿನ ಎರಡು ಕೆಜಿ ಫರಕ್ಕು ಅದರಲ್ಲಿ ಕಾಣೋದಿಲ್ಲ. ಬಿಚ್ಚಿದ ಪ್ರತಿ ಸಾಮಾನಿಗೆ ಕಿರಾಣಿ ಅಂಗಡಿಯ ಡಿಜಿಟಲ್ ತಕ್ಕಡಿ ಸಾಕು. ಒಂದು ನೋಟ್‌ಬುಕ್ ಇಡ್ರಿ. ಸಾಮಾನಿನ ಹೆಸರು, ತೂಕ, ಮುಂದೋ ಹಿಂದೋ, ಖರ್ಚೆಷ್ಟು. ನಾಲ್ಕು ಕಾಲಂ, ಅಷ್ಟೇ.

ಪುಕ್ಕಟೆ ಕೆಜಿ ಮೊದಲು

ಈಗ ನೋಡ್ರಿ, ಖರ್ಚಿಲ್ಲದ ಕೆಜಿಗಳು ಗಾಡಿಯಲ್ಲೇ ಕೂತಿವೆ. ಸ್ಟೆಪ್ನಿ, ಜಾಕ್, ಪಾನಾ. ಹಿಂದಿನ ಸೀಟು. ಮ್ಯಾಟು, ಅದರ ಕೆಳಗಿನ ದಪ್ಪ ಹಾಸು, ರೂಫಿನ ಬಟ್ಟೆ. ಹೀಟರ್, ಟೇಪು, ಸ್ಪೀಕರ್. ಟ್ಯಾಂಕಿನ ಪೆಟ್ರೋಲು ಕೂಡ ತೂಕವೇ. ಒಂದು ಲೀಟರ್ ಪೆಟ್ರೋಲು ಮುಕ್ಕಾಲು ಕೆಜಿ ಹತ್ತಿರ ತೂಗುತ್ತದೆ. ಒಂದು ಓಟಕ್ಕೆ ಬೇಕಾಗೋದು ಅರ್ಧ ಲೀಟರೂ ಅಲ್ಲ. ಟ್ಯಾಂಕಿನಲ್ಲಿ 20 ಲೀಟರ್ ತುಂಬಿಕೊಂಡು ಹೊರಟರೆ 15 ಕೆಜಿ ಸುಮ್ಮನೆ ಹೊತ್ತಂಗಾಯ್ತು.

ಈ 15 ಕೆಜಿ ನೆನಪಿಡ್ರಿ, ಮುಂದೆ ಕೆಲಸಕ್ಕೆ ಬರ್ತದ.

ಇನ್ನೊಂದು ತೂಕ ಸ್ಟೇರಿಂಗ್ ಹಿಂದೆ ಕೂತಿರ್ತದ. ಅದರ ಬಗ್ಗೆ ನಾ ಏನೂ ಹೇಳೋದಿಲ್ಲ, ಅವರವರ ಮನಿ ಊಟ ಅವರವರಿಗೆ ಗೊತ್ತು.

1964ರ ಫೋರ್ಡ್ ಕಲಿಸಿದ ಪಾಠ

ಈ ಆಟ ಬೆಳೆದದ್ದು ಅಮೆರಿಕದಲ್ಲಿ. ಎನ್‌ಎಚ್‌ಆರ್‌ಎ ಅನ್ನುವ ಡ್ರ್ಯಾಗ್ ಸಂಸ್ಥೆ 1951ರಲ್ಲಿ ಶುರುವಾಯಿತು. 1960ರ ದಶಕಕ್ಕೆ ದೊಡ್ಡ ಕಾರು ಕಂಪನಿಗಳೇ ಕಾರ್ಖಾನೆಯಿಂದ ಡ್ರ್ಯಾಗ್ ಕಾರು ಕಟ್ಟಿ ಕೊಡೋಕೆ ಶುರು ಮಾಡಿದವು. ಅವುಗಳಲ್ಲಿ ಹೆಸರು ಮಾಡಿದ್ದು 1964ರ ಫೋರ್ಡ್ ಫೇರ್‌ಲೇನ್ ಥಂಡರ್‌ಬೋಲ್ಟ್. ಮಧ್ಯಮ ಸೈಜಿನ ಕಾರಿಗೆ 7 ಲೀಟರಿನ ದೊಡ್ಡ ಎಂಜಿನ್ ಕೂಡಿಸಿದರು. ಕಟ್ಟಿದ್ದು ನೂರರಷ್ಟು ಕಾರು ಮಾತ್ರ. ಆ ವರ್ಗಕ್ಕೆ ನಿಯಮ ಹೇಳಿದ ಕನಿಷ್ಠ ತೂಕ 3,200 ಪೌಂಡ್, ಅಂದರೆ 1,450 ಕೆಜಿ. ಎಂಜಿನ್ ಭಾರ, ಹಂಗಾಗಿ ಬೇರೆ ಕಡೆ ಕತ್ತರಿ ಹಾಕಲೇಬೇಕಾಗಿತ್ತು.

ಬಾನೆಟ್ಟು, ಮುಂದಿನ ಫೆಂಡರುಗಳು, ಬಾಗಿಲುಗಳಿಗೆ ಫೈಬರ್. ಹಿಂದಿನ ಕಿಟಕಿಗಳಿಗೆ ಗಾಜಿನ ಬದಲು ಪ್ಲಾಸ್ಟಿಕ್ ಹಾಳೆ. ರೇಡಿಯೋ ಇಲ್ಲ, ಹೀಟರ್ ಇಲ್ಲ, ಪಕ್ಕದವರ ಕಡೆ ವೈಪರ್ ಕೂಡ ಇಲ್ಲ. ಪ್ಯಾನೆಲ್‌ಗಳ ಜೋಡಣೆ ಮತ್ತು ಮೇಲ್ಮೈ ನಮ್ಮ ಮಾಮೂಲಿ ಗುಣಮಟ್ಟಕ್ಕೆ ಇರೋದಿಲ್ಲ ಅಂತ ಕಂಪನಿಯೇ ಕಾರಿನೊಳಗೆ ಒಂದು ಪಟ್ಟಿ ಬರೆದು ಅಂಟಿಸಿತ್ತು. ಹಗುರ ಬೇಕಾದರೆ ಅಂದ ಬಿಡಬೇಕು ಅಂತ ತಯಾರಿಸಿದವರೇ ಬರೆದುಕೊಟ್ಟಂಗ.

ಆದ್ರ ಬೆರಗಿನ ಸಂಗತಿ ಇದಲ್ಲ. ಇಷ್ಟೆಲ್ಲಾ ಗ್ರಾಂ ಗ್ರಾಂ ಲೆಕ್ಕ ಹಾಕಿ ತೆಗೆದವರು ಬ್ಯಾಟರಿ ಮಾತ್ರ ದೊಡ್ಡದು ಹಾಕಿದರು. ಲಾರಿ ಬ್ಯಾಟರಿ! ಅದನ್ನು ಒಯ್ದು ಡಿಕ್ಕಿಯ ಬಲಮೂಲೆಯಲ್ಲಿ, ಹಿಂದಿನ ಬಲಗಾಲಿ ಕಡೆ ಕೂಡಿಸಿದರು. ಮುಂದಿನ ತೂಕ ಕಳೆದು, ಹಿಂದೆ ತೂಕ ಸೇರಿಸಿದರು. ಯಾಕೆ?

ಗಾಡಿ ಜೋರಾಗಿ ಹೊರಟಾಗ ಮುಂದಿನ ಭಾಗ ಮೇಲೇಳುತ್ತದೆ, ಹಿಂದಿನ ಭಾಗ ಕೂರುತ್ತದೆ. ಬೈಕಿನಲ್ಲಿ ಹಿಂದೆ ಕೂತವರಿಗೆ ಇದು ಚೆನ್ನಾಗಿ ಗೊತ್ತು. ಹಿಂದಿನ ಗಾಲಿಯಿಂದ ಓಡುವ ಗಾಡಿಯಲ್ಲಿ ಹಿಂದಿನ ಟೈರಿನ ಮೇಲೆ ಎಷ್ಟು ಭಾರ ಕೂರುತ್ತದೋ ಅಷ್ಟು ಹಿಡಿತ. ಹಿಡಿತ ಇಲ್ಲದಿದ್ದರೆ ಟೈರು ನಿಂತಲ್ಲೇ ತಿರುಗಿ ಹೊಗೆ ಎಬ್ಬಿಸುತ್ತದೆ. ವಿಡಿಯೋಗೆ ಚಂದ, ಸಮಯಕ್ಕೆ ನಷ್ಟ.

ನಮ್ಮ ಪದ್ಮಿನಿ, ಅಂಬಾಸಿಡರ್ ಎರಡೂ ಹಿಂದಿನ ಗಾಲಿಯಿಂದ ಓಡುವ ಗಾಡಿಗಳು. ಕಾಟಾ ಚೀಟಿಯಲ್ಲಿ ಮುಂದೆ 530, ಹಿಂದೆ 440 ಬಂತು ಅಂತ ಹಿಡಿಯೋಣ. ಹಿಂದಿನ ಪಾಲು 45 ಪರ್ಸೆಂಟ್. ಮುಂದಿನ ಗಾಲಿಯ ಲೆಕ್ಕದಿಂದ 60 ಕೆಜಿ ತೆಗೆದರೆ ಒಟ್ಟು 910 ಆಗುತ್ತದೆ, ಹಿಂದಿನ 440 ಹಾಗೇ ಉಳಿಯುತ್ತದೆ, ಪಾಲು 48 ದಾಟುತ್ತದೆ. ಒಂದು ಕೆಜಿಯೂ ಸೇರಿಸದೆ ಹಿಡಿತದ ಪಾಲು ಏರಿತು. ಹಂಗಾಗಿಯೇ ಬಾನೆಟ್, ಫೆಂಡರ್, ಮುಂದಿನ ಬಂಪರ್ ಫೈಬರ್ ಮಾಡಿಸೋದಕ್ಕೆ ಬೆಲೆ. ಡಿಕ್ಕಿಯ ಮುಚ್ಚಳ ಕೊನೆಗೆ ನೋಡಿದರೂ ನಡೀತದ.

ಮಾರುತಿ 800 ಇಟ್ಟುಕೊಂಡವರಿಗೆ ಇದು ಉಲ್ಟಾ. ಅದು ಮುಂದಿನ ಗಾಲಿಯಿಂದ ಓಡುವ ಗಾಡಿ. ಹೊರಡುವಾಗ ಭಾರ ಹೇಗೂ ಹಿಂದಕ್ಕೆ ಸರಿಯುತ್ತದೆ, ಅದರ ಮೇಲೆ ನೀವು ಮುಂದಿನ ತೂಕವನ್ನೂ ಕಿತ್ತರೆ ಗಾಲಿ ಜಾರುತ್ತದೆ. ಅಂಥ ಗಾಡಿಯಲ್ಲಿ ಮೊದಲು ಹಿಂದಿನಿಂದ ಇಳಿಸಬೇಕು. ಯೂಟ್ಯೂಬಿನಲ್ಲಿ ಒಂದು ಗಾಡಿಗೆ ಮಾಡಿದ್ದನ್ನು ಇನ್ನೊಂದಕ್ಕೆ ಅಂಟಿಸುವ ಮುಂಚೆ ಯಾವ ಗಾಲಿ ಎಳೀತದ ಅಂತ ನೋಡ್ರಿ.

ಬೆಂಗಳೂರಿನ ಫೈಬರ್ ಕಾರು

ಫೈಬರ್ ಬಾಡಿ ಅಂದ ಕೂಡಲೇ ಇದು ಫಾರಿನ್ ಕಥೆ ಅನ್ಕೋಬೇಡ್ರಿ. ಕರ್ನಾಟಕದಲ್ಲೇ ಫೈಬರ್ ಮೈಯ ಕಾರುಗಳು ತಯಾರಾಗಿವೆ. 1970ರ ದಶಕದಲ್ಲಿ ಬೆಂಗಳೂರಿನಿಂದ ಬಾದಲ್ ಅನ್ನುವ ಮೂರು ಗಾಲಿಯ ಪುಟ್ಟ ಕಾರು ಬಂತು. ಎಂಜಿನ್ 198 ಸಿಸಿ, ಸ್ಕೂಟರ್ ಲೆಕ್ಕದ್ದು. ಅದರ ಹಿಂದೆಯೇ, 1982ರಲ್ಲಿ, ಸಿಪಾನಿ ಕಂಪನಿಯ ಡಾಲ್ಫಿನ್ ಬಂತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರಿನ ಭಾರತೀಯ ರೂಪ ಅದು. ಎಂಜಿನ್ 848 ಸಿಸಿ, ಪೂರಾ ಅಲ್ಯೂಮಿನಿಯಂ. ಮೈ ಫೈಬರ್. ಕಿಟನ್ನಿನ ತೂಕ 500 ಕೆಜಿಗಿಂತ ಸ್ವಲ್ಪ ಮೇಲೆ, ಅಷ್ಟೇ. ಪದ್ಮಿನಿಯ ಪಕ್ಕದಲ್ಲಿ ಇಟ್ಟು ನೋಡ್ರಿ, ಹೆಚ್ಚುಕಮ್ಮಿ ನಾಲ್ಕು ನೂರು ಕೆಜಿ ಫರಕ್ಕು.

ಹಗುರ ಮೈ, ಹಿಂದಿನ ಗಾಲಿಯ ಎಳೆತ. ಡ್ರ್ಯಾಗಿಗೂ ರ‍್ಯಾಲಿಗೂ ಬೇಕಾದದ್ದು ಇದೇ. ಡಾಲ್ಫಿನ್ ಆ ಕಾಲದ ರ‍್ಯಾಲಿ ಮತ್ತು ರೇಸುಗಳಲ್ಲಿ ಓಡಿದ್ದೂ ಇದಕ್ಕೇ. ಆದರೆ ಮಾರುಕಟ್ಟೆಯ ಕಥೆ ಬೇರೆ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು, ಕೊಳ್ಳುವವರು ಆ ಕಡೆ ಹೊರಳಿದರು. 1987ರಲ್ಲಿ ಸಿಪಾನಿ ಹೆಚ್ಚು ಬಾಗಿಲಿನ ಮೊಂಟಾನಾ ತಂದರೂ ಗಾಳಿ ತಿರುಗಲಿಲ್ಲ.

ಡ್ರ್ಯಾಗ್ ಕಾರು ಕಟ್ಟುವವರು ಡಾಲ್ಫಿನ್ನಿನಿಂದ ಕಲಿಯಬೇಕಾದ್ದು ಒಂದಿದೆ. ಆ ಕಾರಿನ ಗಟ್ಟಿತನ ಫೈಬರಿನಲ್ಲಿ ಇರಲಿಲ್ಲ, ಕೆಳಗಿನ ಉಕ್ಕಿನ ಚಾಸಿಯಲ್ಲಿತ್ತು. ಫೈಬರ್ ಮೇಲೆ ಹೊದಿಸಿದ ಅಂಗಿ. ಪದ್ಮಿನಿ, ಮಾರುತಿಯಂಥ ಗಾಡಿಗಳಲ್ಲಿ ಬೇರೆ ಚಾಸಿ ಇರೋದಿಲ್ಲ. ನೆಲ, ಕಂಬ, ರೂಫು ಎಲ್ಲಾ ಸೇರಿ ಒಂದೇ ಡಬ್ಬಿ, ಆ ಡಬ್ಬಿಯೇ ಭಾರ ಹೊರುತ್ತದೆ. ರೂಫ್ ಕತ್ತರಿಸಿ ಫೈಬರ್ ಹಾಕ್ತೀನಿ ಅಂದರೆ ಅಂಗಿ ಬದಲು ಎಲುಬನ್ನೇ ಕಿತ್ತಂಗ. ಸರಳವಾಗಿ ನೆನಪಿಡೋದು: ಬೋಲ್ಟ್ ಬಿಚ್ಚಿದರೆ ಕೈಗೆ ಬರೋದು ಫೈಬರ್ ಆಗಬಹುದು. ವೆಲ್ಡಿಂಗ್ ಕತ್ತರಿಸಿದರೆ ಮಾತ್ರ ಬರೋದನ್ನು ಮುಟ್ಟಬಾರದು.

ಫೈಬರ್ ಅಂದರೆ ಏನು, ಎಷ್ಟು ದಪ್ಪ

ಕೃಷ್ಣಾ ನದಿಯ ನಡುಗಡ್ಡೆಗೆ ತೆಪ್ಪದಲ್ಲಿ ಹೋದವರಿಗೆ ಇದು ಬೇಗ ತಿಳೀತದ. ತೆಪ್ಪದಲ್ಲಿ ಬಿದಿರಿನ ಹೆಣಿಗೆ ಬಲ ಕೊಡುತ್ತದೆ, ಹೊರಗಿನ ಹೊದಿಕೆ ನೀರು ತಡೆಯುತ್ತದೆ. ಎರಡರಲ್ಲಿ ಒಂದೇ ಇದ್ದರೆ ದಾಟೋಕಾಗಲ್ಲ. ಫೈಬರ್ ಪ್ಯಾನೆಲ್ಲಿನಲ್ಲಿ ಗಾಜಿನ ಎಳೆಗಳ ಮ್ಯಾಟ್ ಬಿದಿರಿನ ಕೆಲಸ ಮಾಡುತ್ತದೆ. ರೆಸಿನ್ ಅನ್ನುವ ಅಂಟು ಎಳೆಗಳನ್ನು ಹಿಡಿದಿಡುತ್ತದೆ. ಬಲ ಬರೋದು ಗಾಜಿನಿಂದ, ತೂಕ ಏರೋದು ಹೆಚ್ಚಾಗಿ ರೆಸಿನ್ನಿನಿಂದ.

ಈಗ ಒಂದು ಚದರ ಮೀಟರಿನ ಹಿಸಾಬು ನೋಡೋಣ. 0.8 ಮಿಲಿಮೀಟರ್ ಉಕ್ಕಿನ ಹಾಳೆ ಚದರ ಮೀಟರಿಗೆ 6.3 ಕೆಜಿ ತೂಗುತ್ತದೆ. ಫೈಬರಿನಲ್ಲಿ ಸಾಮಾನ್ಯವಾಗಿ ಸಿಗೋದು 450 ಗ್ರಾಂ ಮ್ಯಾಟ್. ಅದರ ಎರಡು ಪದರ ಹಾಕಿದರೆ ಗಾಜು 900 ಗ್ರಾಂ. ರೆಸಿನ್ ಗಾಜಿನ ಎರಡು ಪಟ್ಟು ಬೇಕು, 1.8 ಕೆಜಿ. ಮೇಲಿನ ನುಣುಪು ಪದರ, ಅಂದರೆ ಜೆಲ್‌ಕೋಟ್, ಸುಮಾರು ಅರ್ಧ ಕೆಜಿ. ಒಟ್ಟು 3.2 ಕೆಜಿ. ಉಕ್ಕಿನ ಅರ್ಧ.

"ಒಡೀಬಾರದಪಾ" ಅಂತ ನಾಲ್ಕು ಪದರ ಹಾಕಿ, ಬ್ರಶ್ಶಿನಿಂದ ರೆಸಿನ್ ಧಾರಾಳವಾಗಿ ಸುರಿದರೆ? ಗಾಜು 1.8, ರೆಸಿನ್ ಎರಡೂವರೆ ಪಟ್ಟು ಅಂದರೆ 4.5, ಜೆಲ್‌ಕೋಟ್ ಅರ್ಧ. ಒಟ್ಟು 6.8 ಕೆಜಿ. ಉಕ್ಕಿಗಿಂತ ಭಾರ! ದುಡ್ಡೂ ಹೋಯ್ತು, ತೂಕವೂ ಏರಿತು. ಮೊದಲೇ ಹೇಳಿದ್ದು ಇದೇ.

ಹಂಗಾದ್ರ ತೆಳು ಪ್ಯಾನೆಲ್ ಬಳುಕೋದಿಲ್ಲೇನು? ಬಳುಕುತ್ತದೆ. ಎರಡು ಪದರದ ಫೈಬರ್ ಸಪಾಟಾಗಿ ಇಟ್ಟರೆ ಉಕ್ಕಿನ ಹಾಳೆಯಷ್ಟು ಸೆಟೆದು ನಿಲ್ಲೋದಿಲ್ಲ. ಅದಕ್ಕೆ ಉಪಾಯ ನಮ್ಮ ಮನೆಯ ತಗಡಿನ ಶೀಟಿನಲ್ಲೇ ಇದೆ. ಶೀಟಿಗೆ ಅಲೆಅಲೆ ಯಾಕೆ ಕೊಟ್ಟಿರ್ತಾರ? ಮಡಿಕೆ ಇದ್ದರೆ ಹಾಳೆ ಬಾಗೋದಿಲ್ಲ. ಪ್ಯಾನೆಲ್ಲಿನ ಒಳಮೈಗೆ ಹಗುರ ಫೋಮಿನ ಪಟ್ಟಿ ಅಥವಾ ಅರ್ಧ ಸೀಳಿದ ಪ್ಲಾಸ್ಟಿಕ್ ಪೈಪು ಇಟ್ಟು, ಅದರ ಮೇಲೆ ಒಂದು ಪದರ ಮ್ಯಾಟ್ ಹೊದಿಸಬೇಕು. ಪಕ್ಕೆಲುಬಿನಂಗ ನಿಲ್ತದ. ತೂಕ ಅರ್ಧ ಕೆಜಿಯಷ್ಟು ಏರಬಹುದು, ಬಿಗುವು ಎಷ್ಟೋ ಪಟ್ಟು ಏರುತ್ತದೆ.

ಇನ್ನು ಕೇಳುಗರ ಮೂಲ ಪ್ರಶ್ನೆ. ಬಾನೆಟ್ ಒಂದೂವರೆ ಚದರ ಮೀಟರ್, ಎರಡು ಫೆಂಡರ್ ತಲಾ ಒಂದು, ಡಿಕ್ಕಿ ಮುಚ್ಚಳ ಒಂದು ಅಂತ ಅಂದಾಜು ಹಿಡಿರಿ. ಒಟ್ಟು ನಾಲ್ಕೂವರೆ. ಚದರ ಮೀಟರಿಗೆ 3 ಕೆಜಿ ಉಳಿತಾಯ. 14 ಕೆಜಿ ಆಯಿತು, ಒಳಗಿನ ಫ್ರೇಮಿನದು ಸೇರಿ 15 ಅನ್ನೋಣ. ಸೂತ್ರಕ್ಕೆ ಹಾಕಿದರೆ ಸೆಕೆಂಡಿನ ಹತ್ತನೇ ಒಂದು ಪಾಲು. ಗೆರೆಯ ಹತ್ತಿರ ಮೂರು ಮೀಟರ್, ಒಂದು ಕಾರಿನ ಉದ್ದಕ್ಕಿಂತ ಕಡಿಮೆ. ಪೆಟ್ರೋಲ್ ಟ್ಯಾಂಕು ಖಾಲಿ ಇಟ್ಟರೆ ಪುಕ್ಕಟೆ ಸಿಗುವ 15 ಕೆಜಿಯೂ ಇಷ್ಟೇ.

ಅಂದರೆ ಫೈಬರ್ ಬೇಡ ಅಂತಲ್ಲ. ಪುಕ್ಕಟೆ ಕೆಜಿ ಎಲ್ಲಾ ಮುಗಿದ ಮೇಲೆ, ಮುಂದಿನ ತೂಕ ಇಳಿಸೋಕೆ ಬೇರೆ ದಾರಿ ಉಳಿಯದಾಗ ಫೈಬರಿಗೆ ಸರದಿ. ಉದಾಹರಣೆಗೆ ಬಾನೆಟ್ಟಿಗೆ ₹8,000 ಕೊಟ್ಟು 5 ಕೆಜಿ ಇಳಿಸಿದರೆ ಕೆಜಿಗೆ ₹1,600 ಬಿತ್ತು. ನೋಟ್‌ಬುಕ್ಕಿನ ನಾಲ್ಕನೇ ಕಾಲಂ ಇರೋದು ಇದಕ್ಕೇ.

ರಾಯಚೂರಿನ ಬಿಸಿಲು ಮತ್ತು ರೆಸಿನ್

ವಿಧಾನ ಸರಳ. ಇರುವ ಬಾನೆಟ್ಟನ್ನೇ ಅಚ್ಚಾಗಿ ಬಳಸಿ, ಅದಕ್ಕೆ ಹಲವು ಸಲ ವ್ಯಾಕ್ಸ್ ತಿಕ್ಕಿ, ಮೇಲೆ ದಪ್ಪ ಫೈಬರಿನ ಮೋಲ್ಡ್ ಎತ್ತುತ್ತಾರೆ. ಆ ಮೋಲ್ಡಿನೊಳಗೆ ಮತ್ತೆ ವ್ಯಾಕ್ಸ್, ಜೆಲ್‌ಕೋಟ್, ಮ್ಯಾಟ್, ರೆಸಿನ್ ಹಾಕಿ ಹೊಸ ಬಾನೆಟ್ ತೆಗೆಯುತ್ತಾರೆ. ರೋಲರಿನಿಂದ ಒತ್ತಿ ಗಾಳಿಗುಳ್ಳೆ ಮತ್ತು ಹೆಚ್ಚಿನ ರೆಸಿನ್ ಹೊರಗೆ ತೆಗೆಯೋದರಲ್ಲೇ ಕೈಚಳಕ ಇರೋದು. ಮೂರ್ತಿ, ಬಾಗಿಲು, ಬಸ್ಸಿನ ಮುಖ ಮಾಡುವ ಫೈಬರ್ ಕೆಲಸದವರಿಗೆ ಇದು ಗೊತ್ತಿರೋದೇ. ನೀವು ಅವರಿಗೆ ಹೇಳಬೇಕಾದ್ದು ಒಂದೇ: "ಎರಡೇ ಪದರ, ಅಂಚಿಗೆ ಮತ್ತು ಬೋಲ್ಟಿನ ಜಾಗಕ್ಕೆ ಮಾತ್ರ ಹೆಚ್ಚು."

ನಮ್ಮ ಬಿಸಿಲು ಇಲ್ಲಿ ಎರಡು ರೀತಿ ಆಟ ಆಡಿಸುತ್ತದೆ. ರೆಸಿನ್ ಗಟ್ಟಿ ಆಗೋಕೆ ಕ್ಯಾಟಲಿಸ್ಟ್ ಅನ್ನು 1ರಿಂದ 2 ಪರ್ಸೆಂಟ್ ಹಾಕುತ್ತಾರೆ. 40 ದಾಟಿದ ಮಧ್ಯಾಹ್ನದಲ್ಲಿ ಅದು ಡಬ್ಬಿಯಲ್ಲೇ ಗಟ್ಟಿಯಾಗಿ ಬಿಸಿ ಏರುತ್ತದೆ. ಬೇಸಿಗೆಯಲ್ಲಿ ಬೆಳಗಿನ ಜಾವ, ಸಣ್ಣ ಸಣ್ಣ ಪ್ರಮಾಣದಲ್ಲಿ ಕಲಸೋದೇ ಸರಿ. ಎರಡನೆಯದು, ಸಾಮಾನ್ಯ ಪಾಲಿಯೆಸ್ಟರ್ ರೆಸಿನ್ 60–70 ಡಿಗ್ರಿ ಆಸುಪಾಸಿನಲ್ಲಿ ಮೆತ್ತಗಾಗೋಕೆ ಶುರು ಮಾಡುತ್ತದೆ. ಕೆಳಗೆ ಎಂಜಿನ್, ಮೇಲೆ ಏಪ್ರಿಲ್ ಬಿಸಿಲು, ಬಣ್ಣ ಕಪ್ಪು ಆದರೆ ಬಾನೆಟ್ ಡೊಂಕಾಗ್ತದ. ತಿಳಿ ಬಣ್ಣ ಹೊಡೀರಿ, ಸೈಲೆನ್ಸರ್ ಪೈಪಿನ ಮೇಲಿನ ಜಾಗಕ್ಕೆ ಶಾಖ ತಡೆಯುವ ಹಾಳೆ ಹಾಕ್ರಿ.

ಇನ್ನು ಹುಷಾರಿನ ಮಾತು. ಕ್ಯಾಟಲಿಸ್ಟ್ ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ, ಕನ್ನಡಕ ಹಾಕಲೇಬೇಕು. ಆಕ್ಸಿಲರೇಟರ್ ಮತ್ತು ಕ್ಯಾಟಲಿಸ್ಟ್ ಎರಡನ್ನೂ ನೇರವಾಗಿ ಒಂದಕ್ಕೊಂದು ಕಲಸಬಾರದು, ಬೆಂಕಿ ಹತ್ತಿ ಸಿಡಿಯುತ್ತದೆ. ಒಂದನ್ನು ರೆಸಿನ್ನಿನಲ್ಲಿ ಪೂರ್ತಿ ಕಲಸಿದ ಮೇಲೆ ಮಾತ್ರ ಇನ್ನೊಂದು. ತಿಕ್ಕುವಾಗ ಏಳುವ ಗಾಜಿನ ಪುಡಿಗೆ ಬಾಯಿಗೆ ಕಟ್ಟಿದ ಟವೆಲ್ ಸಾಲದು, ಸರಿಯಾದ ಮಾಸ್ಕ್ ಬೇಕು. ಕೆಲಸಕ್ಕೆ ನಿಂತ ಹುಡುಗರಿಗೂ ಅದನ್ನು ಕೊಡಿಸ್ರಿ.

ಯಾವ ಕೆಜಿಗೆ ಕೈ ಹಚ್ಚಬಾರದು

ಫೈಬರ್ ಬಾನೆಟ್ಟಿಗೆ ಮೂಲೆಗೊಂದರಂತೆ ನಾಲ್ಕು ಲಾಕ್ ಪಿನ್ ಬೇಕು. ಹಳೆ ಕೊಂಡಿಯೊಂದನ್ನೇ ನಂಬಿದರೆ ನೂರರ ವೇಗದಲ್ಲಿ ಗಾಳಿ ಅದನ್ನು ಎತ್ತಿ ಗಾಜಿಗೆ ಬಡಿಯುತ್ತದೆ. ಪಿನ್ನುಗಳ ತೂಕ ಎಣಿಸಬೇಡಿ.

ಎಂಜಿನ್ನಿಗೂ ಓಡಿಸುವವನಿಗೂ ನಡುವಿನ ಕಬ್ಬಿಣದ ಗೋಡೆ ಕಬ್ಬಿಣವೇ ಇರಬೇಕು. ಪಾಲಿಯೆಸ್ಟರ್ ಫೈಬರ್ ಬೆಂಕಿ ಹಿಡಿಯುತ್ತದೆ, ಕಪ್ಪು ಹೊಗೆ ಬಿಡುತ್ತದೆ. ಬೆಂಕಿ ಆರಿಸುವ ಸಿಲಿಂಡರ್ ಒಂದು ಕೈಗೆ ಸಿಗುವಲ್ಲಿ ಇರಬೇಕು. ಉಕ್ಕು ಗುದ್ದಿದರೆ ಮಡಚಿಕೊಂಡು ಪೆಟ್ಟನ್ನು ನುಂಗುತ್ತದೆ. ತೆಳು ಫೈಬರ್ ಒಡೆದು ಚೂಪಾದ ಚೂರಾಗುತ್ತದೆ. ಅದಕ್ಕೇ ಬಾಗಿಲು ಫೈಬರ್ ಮಾಡಬೇಕಾದರೆ ಮೊದಲು ಪಕ್ಕದ ಪೈಪುಗಳಿರುವ ರೋಲ್ ಕೇಜ್ ಇರಬೇಕು. ಕೇಜ್ ಹಾಕಿದರೆ ತೂಕ ಏರುತ್ತದೆ. ಏರಲಿ. ಬ್ರೇಕು, ಸೀಟಿನ ಫ್ರೇಮು, ಬೆಲ್ಟು ಇವಕ್ಕೂ ಇದೇ ಮಾತು. ಅಂಗಡಿಯಲ್ಲಿ ಇನ್ಶೂರೆನ್ಸ್ ಪ್ರೀಮಿಯಂ ಇದ್ದಂಗ ಇವು, ಅವಘಡ ಆಗೋವರೆಗೂ ದಂಡ ಅನ್ನಿಸ್ತಾವ.

ಮುಂದೆ ಹಗುರಾದ ಮೇಲೆ ಮುಂದಿನ ಸ್ಪ್ರಿಂಗ್ ಮೇಲೇಳುತ್ತದೆ, ಗಾಲಿಯ ಕೋನ ಬದಲಾಗುತ್ತದೆ. ಅಲೈನ್‌ಮೆಂಟ್ ಮಾಡಿಸದೆ ಪೂರ್ತಿ ವೇಗದಲ್ಲಿ ಓಡಿಸಬಾರದು.

ಎಲ್ಲಿ ಓಡಿಸೋದು

ಈ ಮಾತು ಹೇಳದೆ ಎಪಿಸೋಡ್ ಮುಗಿಸೋ ಹಂಗಿಲ್ಲ. ರಾಯಚೂರು–ಮಾನ್ವಿ ರಸ್ತೆ, ದೇವದುರ್ಗ ರಸ್ತೆ ಎರಡನ್ನೂ ರಾತ್ರಿ ನೋಡಿದವರು ಹೇಳ್ರಿ. ಹಿಂದೆ ಲೈಟಿಲ್ಲದ ಟ್ರ್ಯಾಕ್ಟರ್ ಟ್ರಾಲಿ, ಸುಗ್ಗಿಯಲ್ಲಿ ಅರ್ಧ ರಸ್ತೆಗೆ ಹರವಿದ ಭತ್ತ, ಕುರಿ ಹಿಂಡು, ಹೊಲದಿಂದ ನಡೆದು ಬರುವ ಹೆಣ್ಣುಮಕ್ಕಳು. 402 ಮೀಟರ್ ಓಡಿದ ಮೇಲೆ ನಿಲ್ಲೋಕೆ ಅಷ್ಟೇ ಉದ್ದದ ಖಾಲಿ ಜಾಗ ಬೇಕು. ಆ ರಸ್ತೆಗಳಲ್ಲಿ ಅದು ಇಲ್ಲ. ಬಾನೆಟ್ ಫೈಬರ್ ಇರೋದು ನಿಮ್ಮ ಗಾಡಿಗೆ, ಎದುರು ಬರೋರಿಗೆ ಅಲ್ಲ.

ಕಾನೂನೂ ಸ್ಪಷ್ಟ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಮೂಲತಃ ನಮೂದಿಸಿದ್ದಕ್ಕೆ ಹೊಂದದಂತೆ ವಾಹನ ಬದಲಿಸಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯ ನಂತರ ಇಂಥ ಬದಲಾವಣೆ ಮಾಡಿಸಿದ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು ಅಥವಾ ಒಂದೊಂದು ಬದಲಾವಣೆಗೆ ₹5,000 ದಂಡ ಬೀಳಬಹುದು. ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡಿದರೆ 189ನೇ ಸೆಕ್ಷನ್, ಮೊದಲ ಸಲ ಮೂರು ತಿಂಗಳವರೆಗೆ ಜೈಲು ಅಥವಾ ₹5,000ವರೆಗೆ ದಂಡ.

ಹಂಗಾಗಿ ಇಂಥ ಗಾಡಿ ಟ್ರ್ಯಾಕಿಗಾಗಿ ಮಾತ್ರ. ಲಾರಿ ಮೇಲೆ ಹೋಗಿ ಲಾರಿ ಮೇಲೆ ವಾಪಸ್ ಬರಬೇಕು. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕು, ಲೋನಾವಳ ಹತ್ತಿರದ ಆಂಬಿ ವ್ಯಾಲಿ ಏರ್‌ಸ್ಟ್ರಿಪ್ಪು ಇಂಥ ಕಡೆ ಡ್ರ್ಯಾಗ್ ಸ್ಪರ್ಧೆಗಳು ನಡೆದಿವೆ. ಅಲ್ಲಿ ಗಾಡಿ ತಪಾಸಣೆ ಇರುತ್ತದೆ, ಆಂಬುಲೆನ್ಸ್ ನಿಂತಿರುತ್ತದೆ, ಟೈಮಿಂಗ್ ಲೈಟು ನಿಮ್ಮ ಸೆಕೆಂಡನ್ನು ಸಾವಿರದ ಪಾಲಿನವರೆಗೆ ತೋರಿಸುತ್ತದೆ. ಸ್ಪರ್ಧೆಗೆ ಹೆಸರು ಕೊಡುವ ಮುಂಚೆ ಆ ವರ್ಗದ ನಿಯಮ ಪುಸ್ತಕ ಓದ್ರಿ. ಕನಿಷ್ಠ ತೂಕ ಎಷ್ಟು, ಯಾವ ಪ್ಯಾನೆಲ್ ಬದಲಿಸಬಹುದು ಅಂತ ಅದರಲ್ಲೇ ಇರುತ್ತದೆ. ನಿಯಮ ಹೇಳಿದ್ದಕ್ಕಿಂತ ಹಗುರಾದರೆ ಡಿಕ್ಕಿಯಲ್ಲಿ ಸೀಸದ ಗಟ್ಟಿ ಇಟ್ಟು ಓಡಿಸಬೇಕಾಗ್ತದ. ಆವಾಗ ಫೈಬರಿಗೆ ಸುರಿದ ದುಡ್ಡಿನ ಮುಖ ನೋಡೋಕಾಗಲ್ಲ!

ಈ ವಾರ ಯಾರಾದರೂ ಗಾಡಿ ಕಾಟಾ ಮಾಡಿಸಿದರೆ ಚೀಟಿಯ ಫೋಟೋ ಕಳಿಸ್ರಿ. ಮುಂದೆಷ್ಟು, ಹಿಂದೆಷ್ಟು ಅಂತ ಬರೆದಿರಲಿ, ಯಾವ ಗಾಲಿ ಎಳೀತದ ಅನ್ನೋದೂ ಇರಲಿ. ಮುಂದಿನ ಎಪಿಸೋಡಿನಲ್ಲಿ ಗಾಲಿ ಮತ್ತು ಟೈರಿನ ತೂಕದ ಬಗ್ಗೆ ಮಾತಾಡೋಣ, ಯಾಕಂದ್ರ ತಿರುಗುವ ಕೆಜಿಯ ಲೆಕ್ಕ ಬೇರೆ ಅದ. ಅಲ್ಲಿತನಕ ಆರಾಮ ಇರ್ರಿ.